ಟುವೋಲ್ ಸ್ಲೆಂಗ್‌ನ ಕಡತಗಳು

ನಾವು ನೆಲೆಸಿರುವ, ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನಗರಕ್ಕೆ ಊರಿನಿಂದ ಬರುವ ನೆಂಟರ ಮನಸ್ಸೆಲ್ಲ ಅಂಕೋರ್ ವಾಟ್ ಮೇಲೆಯೇ ಇರುತ್ತದೆ. ನರಮೇಧದ ನೆನಪಿನ ಮ್ಯೂಸಿಯಂ ಆಗಿರುವ ಟುವೋಲ್ ಸ್ಲೆಂಗ್ ಹೆಸರೆತ್ತಿದರೆ ರಜೆಯ ನಡುವೆ ಅದೆಲ್ಲ ಏಕೆ ಎನ್ನುತ್ತಾರೆ. ಆದರೂ ನಾನು ಕರೆದೊಯ್ಯದೆ ಬಿಡುವುದಿಲ್ಲ.

ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಮೂರಂತಸ್ತಿನ ಕಟ್ಟಡಗಳೂ ಉದ್ದನೆಯ ಜಗಲಿಗಳೂ ದೇವಕಣಗಿಲೆ ಮರಗಳೂ ಇರುವ ಒಂದು ಹೈಸ್ಕೂಲು. 1975ರ ಏಪ್ರಿಲ್ 17ರಂದು ನಗರವನ್ನು ವಶಪಡಿಸಿಕೊಂಡ, ಪೋಲ್ ಪಾಟ್ ನೇತೃತ್ವದ ಕಮ್ಯುನಿಸ್ಟ್ ಖ್ಮೇರ್ ರೂಜ್ ಪಡೆಗಳು ಜನರನ್ನು ಹಳ್ಳಿಗಳಿಗೆ ಅಟ್ಟಿದವು. ಖಾಲಿಯಾದ ಈ ಶಾಲೆ ಮುಂದೆ ‘ಎಸ್-21’ ಎಂಬ ಗುಪ್ತ ಸೆರೆಮನೆಯಾಯಿತು. ತರಗತಿಗಳ ಗೋಡೆ ಒಡೆದು, ಒಬ್ಬ ಮನುಷ್ಯ ಹೇಗೋ ಮಲಗಬಹುದಾದಷ್ಟೇ ಅಗಲದ ಇಟ್ಟಿಗೆಯ ಗೂಡುಗಳನ್ನು ಕಟ್ಟಿದರು. ಚಿತ್ರಹಿಂಸೆ ತಾಳಲಾರದ ಕೈದಿಗಳು ಜಗಲಿಯಿಂದ ಹಾರಿ ಸಾಯಬಾರದೆಂದು ಬಿಗಿದ ಮುಳ್ಳುತಂತಿಯ ಬಲೆ ಇಂದಿಗೂ ಹಾಗೆಯೇ ಇದೆ. ಕೈದಿಗಳು ಸಾಯುವ ಹೊತ್ತನ್ನು ಕೂಡ ಸೆರೆಮನೆಯವರೇ ನಿರ್ಧರಿಸಬೇಕಿತ್ತು.

ನನ್ನನ್ನು ಹೆಚ್ಚು ಕಾಡುವುದು ಇಲ್ಲಿನ ಕ್ರೌರ್ಯಕ್ಕಿಂತ ಇಲ್ಲಿನ ದಫ್ತರದ ಶಿಸ್ತು. ಸುಮಾರು 18,000 ಮಂದಿ ಈ ಬಾಗಿಲು ಹಾದುಹೋದರೆಂದು ಅಂದಾಜು. ಬಂದವರ ಫೋಟೊ ತೆಗೆದು, ಹಿಂಸಿಸಿ ಬರೆಸಿಕೊಂಡ ತಪ್ಪೊಪ್ಪಿಗೆಗಳನ್ನು ಬೆರಳಚ್ಚು ಮಾಡಿ ಕಡತಕ್ಕೆ ಸೇರಿಸುತ್ತಿದ್ದರು. ಹಿಂದೆ ಗಣಿತದ ಮೇಷ್ಟ್ರಾಗಿದ್ದ ಮುಖ್ಯಸ್ಥ ಡಾಯಿಕ್ ಆ ಹಾಳೆಗಳ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಿದ್ದ. ಗೋಡೆಗಳ ಮೇಲಿನ ಮುಖಗಳಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ಆ ಆಡಳಿತಕ್ಕಾಗಿಯೇ ದುಡಿದು, ಕೊನೆಗೆ ಅದರ ಅನುಮಾನಕ್ಕೆ ಗುರಿಯಾದವರೂ ಬಹಳಷ್ಟಿದ್ದಾರೆ. ಅವರಿಗಾಗಿ ಎಷ್ಟು ಮರುಗಬೇಕೆಂಬುದು ನನಗಿನ್ನೂ ಬಗೆಹರಿದಿಲ್ಲ.

ಬದುಕುಳಿದ ಬೆರಳೆಣಿಕೆಯ ಜನರಲ್ಲಿ ವಾನ್ ನಾತ್ ಚಿತ್ರಕಾರ, ಚುಮ್ ಮೇ ಯಂತ್ರ ರಿಪೇರಿ ಬಲ್ಲವರು. ಒಬ್ಬರು ಪೋಲ್ ಪಾಟ್‌ನ ಭಾವಚಿತ್ರ ಬರೆಯಬಲ್ಲರೆಂದು, ಇನ್ನೊಬ್ಬರು ಕೆಟ್ಟ ಬೆರಳಚ್ಚು ಯಂತ್ರಗಳನ್ನು ಸರಿಪಡಿಸಬಲ್ಲರೆಂದು ಉಳಿಸಿಕೊಂಡರು. ಕರುಣೆಯ ಮಾತು ಅಲ್ಲಿರಲಿಲ್ಲ.

1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ನಗರ ಪ್ರವೇಶಿಸಿದಾಗ ಸಿಬ್ಬಂದಿ ಪರಾರಿಯಾದರು, ಕಡತಗಳು ಉಳಿದವು. ವಿಶ್ವಸಂಸ್ಥೆಯ ನೆರವಿನ ನ್ಯಾಯಮಂಡಳಿ ಡಾಯಿಕ್‌ನನ್ನು ತಪ್ಪಿತಸ್ಥನೆಂದು ಘೋಷಿಸಿದ್ದು 2010ರಲ್ಲಿ. 2012ರಲ್ಲಿ ಶಿಕ್ಷೆ ಜೀವಾವಧಿಗೆ ಏರಿತು. ಪೋಲ್ ಪಾಟ್ ಮಾತ್ರ ಯಾವ ಅಂತಾರಾಷ್ಟ್ರೀಯ ನ್ಯಾಯಾಲಯದ ಎದುರೂ ನಿಲ್ಲದೆ 1998ರಲ್ಲೇ ತೀರಿಕೊಂಡಿದ್ದ.