ಗೂಡುದೀಪದೊಳಗೆ ಒಂದು ನರಕೋಶ: ಕೆಲಸ ಎಲ್ಲಿಗೆ ಬಂತು

ಬಿದಿರಿನ ಚೌಕಟ್ಟು ಮುಗಿದಿದೆ. ಅಡ್ಡಳತೆ ಒಂದೂವರೆ ಅಡಿ. ನರಕೋಶದ ದೇಹ 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಂತ ಹಿಡಿದರೆ ಇದು 30 ಸಾವಿರ ಪಟ್ಟು ದೊಡ್ಡದು. ಮಂಗಳೂರಿನಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟುವವರು ಬೇಕಾದಷ್ಟು ಜನ, ನಾನೂ ಪ್ರತಿವರ್ಷ ಕಟ್ಟುತ್ತೇನೆ. ಈ ಸಲ ನಕ್ಷತ್ರ ಬೇಡ, ಕೋಶವನ್ನೇ ಕಟ್ಟೋಣ ಅನಿಸಿತು. ದೊಡ್ಡಮ್ಮನಿಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗುವ ಮಿದುಳಿನ ಕಾಯಿಲೆ ಅಂತ ತಿಳಿದ ಮೇಲೆ ಮನೆಯವರೆಲ್ಲ ಕೇಳಿದ್ದು ಒಂದೇ: “ಮೊದಲೇ ಗೊತ್ತಾಗ್ತಿರ್ಲಿಲ್ವಾ?” ಆ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಕೆಲವರು ಕೋಶಗಳು ಹೊರಗೆ ಬಿಡುವ ಪುಟ್ಟ ಚೀಲಗಳನ್ನು ಹುಡುಕುತ್ತಿದ್ದಾರೆ. ಅವುಗಳಲ್ಲಿ ಒಂದು ಬಗೆಯೇ ಎಕ್ಸೋಸೋಮ್.

ಈ ವಾರ ಪೂರ್ತಿ ಅವುಗಳದ್ದೇ ಕೆಲಸ. ಎಕ್ಸೋಸೋಮ್ 30ರಿಂದ 150 ನ್ಯಾನೋಮೀಟರ್ (ಮೈಕ್ರಾನಿನ ಸಾವಿರದಲ್ಲೊಂದು ಪಾಲು ಒಂದು ನ್ಯಾನೋಮೀಟರ್). ನನ್ನ ಲೆಕ್ಕದಲ್ಲಿ ಸುಮಾರು 1ರಿಂದ 4.5 ಮಿಲಿಮೀಟರ್. ಮೊದಲು ಸಾಬಕ್ಕಿ ಹಾಕಿ ನೋಡಿದೆ. ನೆನೆಸಿದರೆ ಬೆಳಕು ತೂರಿ ಬರುತ್ತದೆ, ತುಂಬಾ ಚೆಂದ. ಆದರೆ ಕರಾವಳಿಯ ಹವೆಗೆ ಅಂಟಂಟಾಯಿತು, ಇರುವೆಯೂ ಬಂತು. ಈಗ ರಥಬೀದಿಯಿಂದ ತಂದ ಗಾಜಿನ ಮಣಿ.

ಎಕ್ಸೋಸೋಮ್ ಕೋಶದ ಹೊರಪೊರೆಯಿಂದ ಸುಮ್ನೆ ಉದುರುವುದಿಲ್ಲ. ಒಳಗಿನ ಒಂದು ದೊಡ್ಡ ಚೀಲದಲ್ಲಿ ಹುಟ್ಟುತ್ತದೆ. ಆ ಚೀಲ ಹೊರಪೊರೆಗೆ ಬೆಸೆದುಕೊಂಡು ಬಾಯಿ ತೆರೆದಾಗ ಹೊರಗೆ ಬರುತ್ತದೆ. ಅದಕ್ಕೇ ಬಟರ್ ಪೇಪರಿನಲ್ಲಿ ಅರ್ಧ ಇಂಚಿನ ಚೀಲ ಮಾಡಿ, ಗೂಡುದೀಪದ ಗೋಡೆಗೆ ಅಂಟಿಸಿ, ಅದರ ಬಾಯಿಂದ ನೈಲಾನ್ ದಾರದಲ್ಲಿ ಮಣಿ ಇಳಿಬಿಟ್ಟೆ. 1983ರಲ್ಲಿ ಮಾಂಟ್ರಿಯಲ್‌ನ ರೋಸ್ ಜಾನ್‌ಸ್ಟೋನ್ ಮತ್ತು ಸೇಂಟ್ ಲೂಯಿಸ್‌ನ ಫಿಲಿಪ್ ಸ್ಟಾಲ್ ಅವರ ತಂಡಗಳು ಬೇರೆಬೇರೆಯಾಗಿ ಕಂಡಿದ್ದು ಇದನ್ನೇ, ಇನ್ನೂ ಬಲಿಯದ ಕೆಂಪು ರಕ್ತಕಣಗಳಲ್ಲಿ. ಕೋಶ ಕಸ ಹೊರಹಾಕುವ ದಾರಿ ಅಂತಲೇ ತುಂಬಾ ಕಾಲ ನಂಬಿದ್ದರು. 2007ರಲ್ಲಿ ಸ್ವೀಡನ್ನಿನ ತಂಡವೊಂದು ಇವುಗಳಲ್ಲಿ ಪ್ರೋಟೀನಿನ ಸೂಚನೆ ಹೊತ್ತ ಆರ್‌ಎನ್‌ಎ ಕೂಡ ಹೋಗುತ್ತದೆ, ಪಡೆದ ಕೋಶ ಅದರಿಂದ ಪ್ರೋಟೀನ್ ಮಾಡುತ್ತದೆ ಅಂತ ತೋರಿಸಿತು. ನನಗೆ ಈ ವಿಷಯದ ಹುಚ್ಚು ಹಿಡಿದಿದ್ದು ಇದನ್ನು ಓದಿದ ಮೇಲೆ.

ಪಾರ್ಕಿನ್ಸನ್‌ನಲ್ಲಿ ಗಂಟು ಕಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನ್ ಈ ಚೀಲಗಳಲ್ಲೂ ಸಿಗುತ್ತದೆ. ಕೆಲವು ಮಣಿಗಳ ಮೇಲೆ ಅದಕ್ಕೊಂದು ಕೆಂಪು ಚುಕ್ಕಿ ಇಟ್ಟೆ. ತೋಳಿನಿಂದ ತೆಗೆದ ರಕ್ತದಲ್ಲಿ ಮಿದುಳಿನ ಸುದ್ದಿ ಸಿಗಬಹುದು ಅನ್ನುವುದು ಆಸೆ. ಆದರೆ ರಕ್ತದಲ್ಲಿರುವ ಯಾವ ಚೀಲ ಮಿದುಳಿನದ್ದು? ನರಕೋಶಗಳ ಮೇಲಿರುವ ಎಲ್‌1ಸಿಎಎಂ ಅನ್ನುವ ಪ್ರೋಟೀನನ್ನು ಗುರುತಾಗಿ ಹಿಡಿದು ಹೆಕ್ಕುತ್ತಿದ್ದರು. ಅದು ರಕ್ತದಲ್ಲಿ ಚೀಲಕ್ಕೆ ಅಂಟಿಕೊಳ್ಳದೆ ಬಿಡಿಯಾಗಿಯೇ ತೇಲುತ್ತದೆ ಅಂತ 2021ರ ಅಧ್ಯಯನವೊಂದು ಹೇಳಿತು. ಹಾಗಾಗಿ ಮಿದುಳಿನ ಮಣಿಗೆ ಬೇರೆ ಬಣ್ಣ ಕೊಡುವ ಯೋಚನೆ ಬಿಟ್ಟೆ. ಎಲ್ಲ ಮಣಿಯೂ ಒಂದೇ ಬಣ್ಣ. ನೋಡುವವರೂ ಕಣ್ಣು ಕಿರಿದು ಮಾಡಿ ಹುಡುಕಲಿ.

ಚಿಕಿತ್ಸೆಗೆ ಒಂದೇ ಒಂದು ಮಣಿ, ಹಸಿರು ದಾರ ಸುತ್ತಿದ್ದು. 2011ರಲ್ಲಿ ಆಕ್ಸ್‌ಫರ್ಡ್‌ನ ಮ್ಯಾಥ್ಯೂ ವುಡ್ ತಂಡ ಎಕ್ಸೋಸೋಮ್‌ಗೆ ನರಕೋಶಕ್ಕೆ ಅಂಟುವ ರೇಬಿಸ್ ವೈರಸ್ಸಿನ ಒಂದು ಪ್ರೋಟೀನ್ ತುಣುಕು ಸಿಕ್ಕಿಸಿ, ಒಳಗೆ ಜೀನಿನ ಕೆಲಸ ತಡೆಯುವ ಬಗೆಯ ಆರ್‌ಎನ್‌ಎ ತುಂಬಿ ಇಲಿಯ ರಕ್ತನಾಳಕ್ಕೆ ಬಿಟ್ಟಿತು. ಅದು ಮಿದುಳು ತಲುಪಿ, ಮರೆವಿನ ಕಾಯಿಲೆ ಆಲ್‌ಝೈಮರ್‌ಗೆ ನಂಟಿರುವ ಬೇಸ್‌1 ಜೀನಿನ ಕೆಲಸ ತಗ್ಗಿಸಿತು. ಇಲಿಯಲ್ಲಿ ಮಾತ್ರ, ನೆನಪಿರಲಿ. ದೊಡ್ಡಮ್ಮನಿಗೆ ಯಾರೋ ವಾಟ್ಸಾಪ್‌ನಲ್ಲಿ ಎಕ್ಸೋಸೋಮ್ ಇಂಜೆಕ್ಷನ್ ಜಾಹೀರಾತು ಕಳಿಸಿದ್ದರು. ದಯವಿಟ್ಟು ಅಂಥದ್ದಕ್ಕೆ ದುಡ್ಡು ಕೊಡಬೇಡಿ. ಅನುಮತಿ ಇಲ್ಲದ ಎಕ್ಸೋಸೋಮ್ ಉತ್ಪನ್ನಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ. ಈ ಮಾತನ್ನು ಚೀಟಿಯಲ್ಲಿ ಬರೆದು ಹಸಿರು ಮಣಿಯ ಪಕ್ಕ ತೂಗುಹಾಕುತ್ತೇನೆ.

ಇನ್ನು ಉಳಿದಿದ್ದು ಎಲ್‌ಇಡಿ ಬಲ್ಬು, ನರಕೋಶದ ಉದ್ದನೆಯ ಎಳೆ. ಒಂದೇ ಮಿಲಿಮೀಟರ್ ಎಳೆ ಈ ಅಳತೆಯಲ್ಲಿ 30 ಮೀಟರ್ ಆಗುತ್ತದೆ, ಅಂಗಳ ದಾಟಿ ರಸ್ತೆಗೇ ಹೋಗುತ್ತದೆ. ಸದ್ಯಕ್ಕೆ ತುಳಸಿಕಟ್ಟೆಯ ತನಕ ಎಳೆದು ಕಟ್ಟುತ್ತೇನೆ.