ಗೈನ್ ನದಿಯ ನೀರು ಕೊನೆಗೂ ನೀರಾಯಿತು

ನಕಲು ಮಾಡುತ್ತಿರುವ ಚಿತ್ರದಲ್ಲಿ ನೀರಿಗೆ ಹಾಕಿದ ಬಣ್ಣವನ್ನು ಮೂರನೇ ಸಲ ಕೆರೆದು ತೆಗೆದದ್ದು ಕಳೆದ ಭಾನುವಾರ. ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ನೀರು ನೀರಿನ ಹಾಗೆ ಕಂಡಿತು. ಖುಷಿಗೆ ನಿದ್ದೆಯೇ ಹತ್ತಲಿಲ್ಲ.

ಮೂಲ ಚಿತ್ರ ಡಚ್ ಚಿತ್ರಕಾರ ಪೀಟ್ ಮೊಂಡ್ರಿಯಾನ್‌ನ ಗೈನ್‌ರುಸ್ಟ್ ತೋಟದಮನೆ. ಆತ ಮುಂದೆ ಹೆಸರಾದ ಕಪ್ಪು ಗೆರೆ, ಬಣ್ಣದ ಚೌಕಗಳ ಕಾಲದ್ದಲ್ಲ. ಹೆಸರಿನ ಕೊನೆಯಲ್ಲಿ ಇನ್ನೂ ಎರಡು 'ಎ' ಹಾಕಿ (Mondriaan) ಸಹಿ ಮಾಡುತ್ತಿದ್ದ ಕಾಲದ್ದು. ಗೈನ್ ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ಆಗ್ನೇಯಕ್ಕಿರುವ ಸಣ್ಣ ನದಿ. ಅದರ ದಡದ ಈ ಮನೆಯನ್ನು 1905ರ ಆಸುಪಾಸಿನಲ್ಲಿ ಆತ ಮತ್ತೆ ಮತ್ತೆ ಬರೆದ. ಮುಂದೆ ಎತ್ತರದ ಮರಗಳ ಸಾಲು, ಅದರ ಸಂದಿಯಲ್ಲಿ ಅರ್ಧ ಅಡಗಿದ ಮನೆ, ಕೆಳಗೆ ಅಷ್ಟೂ ತಲೆಕೆಳಗಾಗಿ ನೀರಿನಲ್ಲಿ.

ಸ್ಕೆಚ್, ಅಂಡರ್‌ಪೇಂಟಿಂಗ್ (ಅಡಿಯ ಮೊದಲ ಪದರ), ಆಕಾಶ ಎಲ್ಲ ಎರಡು ಸಂಜೆಯಲ್ಲಿ ಮುಗಿದವು. ನೀರು ಮಾತ್ರ ಮೂರು ವಾರ ತಿಂದಿತು. ಎಷ್ಟು ಬಳಿದರೂ ಹಸಿರು ಗೋಡೆ! ನಮ್ಮಮ್ಮ ಬಂದು ನೋಡಿ, "ಪಾಚಿ ಚೆನ್ನಾಗಿ ಕಟ್ಟಿದೆ ಕಣೋ" ಅಂದರು.

ತಪ್ಪು ಎರಡು ಕಡೆ ಇತ್ತು. ಮೊದಲನೆಯದು ಥ್ಯಾಲೋ ಗ್ರೀನ್ ಅನ್ನುವ ಗಾಢ ಹಸಿರು. ಸಾಸಿವೆಯಷ್ಟು ಹಾಕಿದರೂ ಇಡೀ ರಾಶಿಯನ್ನು ನುಂಗುತ್ತದೆ. ಬ್ರಶ್ಶಿನ ಬುಡದಲ್ಲಿ ಉಳಿದದ್ದು ಆಕಾಶದ ಬೂದು ಬಣ್ಣಕ್ಕೂ ಹತ್ತಿಕೊಂಡಿತ್ತು. ಆ ಕಾಲದ ಮೊಂಡ್ರಿಯಾನ್ ಹೇಗ್ ಸ್ಕೂಲ್ ಎಂಬ ಡಚ್ ಚಿತ್ರಕಾರರ ಗುಂಪಿನ ನೆರಳಲ್ಲೇ ಇದ್ದವನು, ಆತನ ಚಿಕ್ಕಪ್ಪ ಫ್ರಿಟ್ಸ್ ಕೂಡ ಅದೇ ದಾರಿಯ ಚಿತ್ರಕಾರ. ಆ ಗುಂಪನ್ನು ಜನ ಬೂದು ಪಂಥ ಅಂತಲೇ ಕರೆಯುತ್ತಿದ್ದರು. ಇದು ತಲೆಗೆ ಹೊಳೆದ ಮೇಲೆ ಹಸಿರಿನ ಟ್ಯೂಬುಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಯೆಲ್ಲೋ ಓಕರ್ (ಮಣ್ಣು ಹಳದಿ) ಜೊತೆ ಐವರಿ ಬ್ಲ್ಯಾಕ್, ಚೂರು ಬಿಳಿ. ನೈಫಿನಲ್ಲಿ ನಾಲ್ಕು ಸಲ ಮಗುಚುವಷ್ಟರಲ್ಲಿ ಮಂಕು ಆಲಿವ್ ಹಸಿರು ಎದ್ದು ಬಂತು. ಹಳದಿ ಮತ್ತು ಕಪ್ಪಿನಿಂದ ಹಸಿರು ಹುಟ್ಟುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಎರಡನೆಯದು ಪ್ರತಿಬಿಂಬ. ಮೇಲಿನ ಮರಕ್ಕೆ ಹಾಕಿದ ಬಣ್ಣವನ್ನೇ ಕೆಳಗೂ ಹಾಕಿದ್ದೆ. ನಿಜವಾದ ನೀರಿನಲ್ಲಿ ಕಡುಬಣ್ಣದ ವಸ್ತು ಕೊಂಚ ತಿಳಿಯಾಗುತ್ತದೆ, ಬೆಳಕಿನ ಆಕಾಶ ಕೊಂಚ ಕಂದುತ್ತದೆ; ಎರಡೂ ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಹಾಗಾಗಿ ಮರದ ಬಣ್ಣಕ್ಕೆ ಆಕಾಶದ ಬೂದು, ಆಕಾಶದ ಬಣ್ಣಕ್ಕೆ ಮರದ ಆಲಿವ್ ಬೆರೆಸಿದೆ. ಕಾಂಡಗಳನ್ನು ಮೇಲಿಂದ ಕೆಳಕ್ಕೆ ಎಳೆದು, ಬಣ್ಣ ಹಸಿಯಿರುವಾಗಲೇ ಒಣ ಫ್ಲ್ಯಾಟ್ ಬ್ರಶ್ಶನ್ನು ಅಡ್ಡಡ್ಡ ಒಂದೇ ಸಲ, ಉಸಿರು ಬಿಗಿಹಿಡಿದು, ಸವರಿದೆ. ಅಷ್ಟೇ. ಅಂಚು ನಡುಗಿತು, ನೀರು ಚಪ್ಪಟೆಯಾಗಿ ಮಲಗಿತು.

ಬಿಳಿಯ ಗೋಳು ಬೇರೆ. ಟೈಟೇನಿಯಂ ವೈಟ್‌ಗೆ ಆರ್ಡರ್ ಕೊಟ್ಟರೆ ಅಂಗಡಿಯವರು ಜಿಂಕ್ ವೈಟ್ ಕಳಿಸಿದ್ದಾರೆ. ಫೋನ್ ಮಾಡಿದರೆ "ಎರಡೂ ಬಿಳೀನೇ ಅಲ್ವಾ ಸಾರ್" ಅನ್ನುತ್ತಾರೆ! ಜಿಂಕ್ ಪಾರಕ, ಕೆಳಗಿನ ಹಸಿರನ್ನು ಮುಚ್ಚುವುದೇ ಇಲ್ಲ. ಎರಡನೇ ಸಲ ಕೆರೆದದ್ದಕ್ಕೆ ಅದೇ ಕಾರಣ. ಟ್ಯೂಬ್ ವಾಪಸ್ ತಗೊಳ್ಳಲೂ ಒಪ್ಪಲಿಲ್ಲ.

ಆದರೆ ಆ ಜಿಂಕ್‌ಗೊಂದು ಕೆಲಸ ಸಿಕ್ಕಿದೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಆತನದೇ, ಇದೇ ಗೈನ್ ದಡದ ಇನ್ನೊಂದು ಚಿತ್ರವಿದೆ, ಸುಮಾರು 1903ರದ್ದು: ಬೆಳದಿಂಗಳಲ್ಲಿ ಊಸ್ಟ್‌ಝೈಡ್ಸೆ ಗಾಳಿಗಿರಣಿ. ಚಂದ್ರನ ಸುತ್ತಲಿನ ಮಸುಕಿಗೆ ತೆಳ್ಳಗೆ ಹರಡುವ ಬಿಳಿಯೇ ಬೇಕು. 12 x 16 ಇಂಚಿನ ಬೋರ್ಡಿಗೆ ಜೆಸ್ಸೋ (ಬಣ್ಣ ಹಿಡಿಯಲು ಹಚ್ಚುವ ಬಿಳಿ ಅಸ್ತರು) ಹಚ್ಚಿಯೂ ಆಗಿದೆ. ಗಿರಣಿ ನಡುರಾತ್ರಿಯ ಕಪ್ಪಲ್ಲ, ನೀಲಿ ಹೊಕ್ಕ ಕಪ್ಪು. ಅದಕ್ಕೆ ಅಲ್ಟ್ರಾಮರೀನ್ ನೀಲಿ ಜೊತೆ ಬರ್ನ್ಟ್ ಅಂಬರ್ ಕಂದು ಬೆರೆಸಿ ನೋಡುತ್ತಿದ್ದೇನೆ.

ಗೈನ್‌ರುಸ್ಟ್‌ನಲ್ಲಿ ಇನ್ನು ಬಾಕಿ ಇರುವುದು ಮನೆಯ ಗೋಡೆ ಮತ್ತು ನೀರಿನಲ್ಲಿ ಅದರ ಚೂರು. ಮಳೆಗಾಲ, ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿದೆ. ಗುರುವಾರದವರೆಗೆ ಮುಟ್ಟುವುದಿಲ್ಲ.