ನೀಟ್ ಒಂದೇ ದಾರಿಯಲ್ಲ
ನಾನು ಬೆಂಗಳೂರಿನ ಜಯನಗರದಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ನೀಟ್‌ನಲ್ಲಿ ಅಂಕ ಕಮ್ಮಿ ಬಂತೆಂದು ಪಕ್ಕದ ಮನೆ ಹುಡುಗಿ ಊಟ ಬಿಟ್ಟಿದ್ದಾಳೆ. ಎಂಬಿಬಿಎಸ್ ಸಿಗದಿದ್ದರೆ ಆಸ್ಪತ್ರೆಯಲ್ಲಿ ಬೇರೆ ಕೆಲಸವೇ ಇಲ್ವಾ?

ಕಿಡ್ನಿ ಕೆಟ್ಟು ನಮ್ಮಲ್ಲಿಗೆ ಡಯಾಲಿಸಿಸ್‌ಗೆ ಬರುವವರಲ್ಲಿ ಹೆಚ್ಚಿನವರು ವಾರಕ್ಕೆ 2–3 ಸಲ ಬರುತ್ತಾರೆ. ಪ್ರತಿ ಸಲ ಸುಮಾರು 4 ಗಂಟೆ. ರಕ್ತ ಮೆಷಿನ್‌ನಲ್ಲಿ ಸೋಸಿ ಮೈಗೆ ವಾಪಸ್ ಹೋಗುವಷ್ಟು ಹೊತ್ತೂ ಪಕ್ಕದಲ್ಲೇ ಇರುವುದು ನಾವು. ಬಿಪಿ ದಿಢೀರನೆ ಇಳಿದರೆ ಮೊದಲು ಓಡುವುದೂ ನಾವೇ. ಅವರ ಮಕ್ಕಳು ಏನು ಓದುತ್ತಿದ್ದಾರೆ ಅಂತಲೂ ನನಗೆ ಗೊತ್ತು. ಈ ಕೆಲಸ ನನಗೆ ತುಂಬಾ ಇಷ್ಟ.

ನರ್ಸಿಂಗ್, ಫಿಸಿಯೋಥೆರಪಿ, ಎಕ್ಸ್‌ರೇ, ಲ್ಯಾಬ್ ಕೋರ್ಸ್‌ಗಳೂ ಇವೆ. ಬಿ.ಎಸ್ಸಿ ನರ್ಸಿಂಗ್ 4 ವರ್ಷ. ಸೇರುವ ಮುಂಚೆ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ ನೋಡಿ. ಸುಮ್ನೆ ಏಜೆಂಟ್ ಮಾತು ನಂಬಿ ದುಡ್ಡು ಕಟ್ಟಬೇಡಿ.